ಬಿಟ್ಟುಕೊಟ್ಟ ಸ್ಥಾನ, ಉಳಿಸಿಕೊಂಡ ಶಾಲೆ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡುವುದು ವಾಡಿಕೆಯಾಗಿ ಬಂದಿದೆ. ಶಿಸ್ತು, ಶುಚಿತ್ವ, ಕೈಕೆಲಸ, ಗೃಹಕೃತ್ಯ ಮುಂತಾದ ವಿಷಯಗಳನ್ನು ಕುರಿತು ನನಗಿಂತ ಹಿಂದಿನವರು ಬೇಕಾದಷ್ಟು ಬರೆದಿರುವುದರಿಂದ, ಈ ಸಲ ನಾನು ಚುನಾವಣೆಯ ವಿಷಯವನ್ನು ಎತ್ತಿಕೊಂಡಿದ್ದೇನೆ. ಹೆಣ್ಣುಮಕ್ಕಳ ಶಾಲೆಗೂ ಚುನಾವಣೆಗೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ನಾನು ಯಾವ ಪಕ್ಷದ ಮಾತನ್ನೂ ಆಡುವವಳಲ್ಲ. ಹೆಚ್ಚು ಜನರ ಮಾತೇ ನಡೆಯಬೇಕೆಂಬ ಏರ್ಪಾಡಿನಲ್ಲಿ ಸ್ವಲ್ಪ ಜನರ ಗತಿಯೇನು ಎಂಬ ಪ್ರಶ್ನೆಯನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಆ ಪ್ರಶ್ನೆಯನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ.

ವರ್ಷಾರಂಭದಲ್ಲಿ ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುವುದನ್ನು ನೀವು ಬಲ್ಲಿರಿ. ಪ್ರತಿಯೊಂದು ತರಗತಿಯವರೂ ಚೀಟಿ ಹಾಕಿ ತಮ್ಮ ನಾಯಕಿಯನ್ನು ಆರಿಸುವರು. ಯಾರ ಬಲವಂತವೂ ಇಲ್ಲ. ಎಣಿಕೆಯು ಎಲ್ಲರೆದುರಿಗೇ ಆಗುವುದು. ಇದಕ್ಕಿಂತ ನ್ಯಾಯವಾದ ಏರ್ಪಾಡು ಬೇರೊಂದಿರಲಾರದೆಂದು ನಾನು ಬಹುಕಾಲ ನಂಬಿದ್ದೆನು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಎಣಿಕೆ ಮುಗಿದ ಮೇಲೆ, ಕಾಡಂಚಿನ ದೊಡ್ಡಿಯೊಂದರಿಂದ ಬರುವ ಇರುಳಿಗರ ಹುಡುಗಿಯೊಬ್ಬಳು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, "ಮಿಸ್, ಊರಿನವರು ಮೂವತ್ತು ಜನ ಇದಾರೆ, ನಾವು ಮೂರೇ ಜನ. ನಾವು ಗೆಲ್ಲೋದು ಯಾವಾಗ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ, ದೂರಿರಲಿಲ್ಲ. ಬಾರದ ಲೆಕ್ಕವೊಂದನ್ನು ಬಿಡಿಸಿಕೊಡಿರೆಂದು ಕೇಳುವ ಮಗುವಿನ ದನಿ ಅದಾಗಿತ್ತು.

ಆ ಸಂಜೆ ಹಳೆಯ ದಾಖಲೆ ಪುಸ್ತಕಗಳನ್ನು ತೆಗೆದು ನೋಡಿದೆನು. 11 ವರ್ಷಗಳಲ್ಲಿ ಕಾಡಂಚಿನ ದೊಡ್ಡಿಗಳಿಂದ ಬಂದ ಒಬ್ಬಳೂ ನಾಯಕಿಯಾಗಿರಲಿಲ್ಲ. ಇದರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಪ್ರತಿಯೊಬ್ಬಳೂ ತನ್ನ ಪಕ್ಕದಲ್ಲಿ ಕುಳಿತವಳಿಗೆ, ತನ್ನ ಬೀದಿಯವಳಿಗೆ ಚೀಟಿ ಹಾಕಿದ್ದಳು, ಅಷ್ಟೇ. ಯಾರೊಬ್ಬರೂ ತಪ್ಪು ಮಾಡದಿದ್ದರೂ ತಪ್ಪು ನಡೆಯಬಹುದೆಂಬ ಪಾಠವನ್ನು ಆ ದಿನ ನಾನು ಕಲಿತೆನು.

ಮರುವರ್ಷದಿಂದ ಪ್ರತಿ ತರಗತಿಗೂ ಐವರ ಪಂಚಾಯಿತಿಯನ್ನು ಏರ್ಪಡಿಸಿ, ಅದರಲ್ಲಿ ಒಂದು ಸ್ಥಾನವು ದೂರದ ದೊಡ್ಡಿಗಳವರಿಗೆ ಎಂದು ಗೊತ್ತುಮಾಡಿದೆವು. ಆದರೆ ಆ ಸ್ಥಾನಕ್ಕೆ ಚೀಟಿ ಹಾಕತಕ್ಕವರು ದೊಡ್ಡಿಯ ಮೂವರು ಮಾತ್ರವಲ್ಲ, ಇಡೀ ತರಗತಿಯವರು. ಆದಕಾರಣ ದೊಡ್ಡಿಯ ಹುಡುಗಿಯು ಊರಿನ ಹುಡುಗಿಯರೊಡನೆ ಮಾತನಾಡಬೇಕಾಯಿತು. ಊರಿನವರು ಈ ಮೂವರಲ್ಲಿ ಯಾರು ಸಮರ್ಥಳೆಂದು ತಿಳಿದುಕೊಳ್ಳಬೇಕಾಯಿತು. ಹೆಸರನ್ನೇ ಅರಿಯದಿದ್ದವರು ಮನೆಯ ವಿಚಾರವನ್ನು ಕೇಳತೊಡಗಿದರು.

ಹೀಗೆ ಆರಿಸಿಬಂದವಳು ಮೊದಲನೆಯ ಸಭೆಯಲ್ಲಿಯೇ ಎತ್ತಿದ ವಿಷಯವನ್ನು ಕೇಳಿರಿ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ನಾವು ಮುಂಜಾನೆ ವಿಶೇಷ ತರಗತಿಗಳನ್ನು ನಡೆಸುತ್ತಿದ್ದೆವು. ದೊಡ್ಡಿಗಳ ಹುಡುಗಿಯರು ಅದಕ್ಕೆ ತಪ್ಪಿಸಿಕೊಳ್ಳುತ್ತಿದ್ದರು; ನಾನು ಅವರ ಪ್ರಗತಿ ಪತ್ರದಲ್ಲಿ 'ಉದಾಸೀನತೆ' ಎಂದು ನನ್ನ ಕೈಯಾರೆ ಬರೆದಿದ್ದೆನು. ರಾತ್ರಿ ಹೊಲಕ್ಕೆ ಇಳಿದ ಆನೆಗಳು ಕಾಡಿಗೆ ಹಿಂದಿರುಗುವುದು ಆ ನಸುಕಿನಲ್ಲಿಯೇ. ಹುಡುಗಿಯರು ನಡೆದು ಬರತಕ್ಕ ದಾರಿಯೂ ಆನೆಗಳ ದಾರಿಯೂ ಒಂದೇ. ಊರಿನ ನಡುಬೀದಿಯಲ್ಲಿ ಮನೆಮಾಡಿದ್ದ ನನಗಾಗಲಿ, ಮೂವತ್ತು ಜನ ಹುಡುಗಿಯರಿಗಾಗಲಿ ಇದು ತೋಚಿರಲೇ ಇಲ್ಲ. ಆ ತರಗತಿಗಳನ್ನು ಮಧ್ಯಾಹ್ನದ ಊಟದ ತರುವಾಯಕ್ಕೆ ಬದಲಾಯಿಸಿದೆವು. ನಮಗೆ ಒಂದು ಕಾಸಿನ ಖರ್ಚೂ ಬರಲಿಲ್ಲ.

ಈ ಚಿಕ್ಕ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ಅಲ್ಪಸಂಖ್ಯಾತರಿಗೆ ಸಭೆಯಲ್ಲಿ ಸ್ಥಾನ ಕೊಡುವುದನ್ನು ಅನೇಕರು ದಾನವೆಂದು ತಿಳಿದಿದ್ದಾರೆ. ಅದು ದಾನವಲ್ಲ. ಬಹುಸಂಖ್ಯಾತರಿಗೆ ತಿಳಿಯದಿರುವ ಸಂಗತಿಗಳು ಸಭೆಗೆ ತಿಳಿಯುವುದಕ್ಕೆ ಅದೊಂದೇ ದಾರಿ. ಆನೆಯ ದಾರಿಯಲ್ಲಿ ನಡೆಯುವವಳು ಸಭೆಯಲ್ಲಿ ಇಲ್ಲದಿದ್ದರೆ, ಸಭೆಯು ಎಷ್ಟು ದಯಾಪರವಾಗಿದ್ದರೂ ಅದರ ತೀರ್ಮಾನವು ಕುರುಡಾಗಿಯೇ ಇರುವುದು.

ನಮ್ಮ ತರಗತಿಯಲ್ಲಿ ಎದ್ದ ಪ್ರಶ್ನೆಯೇ ಈ ದೇಶದ ಮುಂದೆಯೂ ನಿಂತಿತ್ತು. ಮೈಸೂರು ಸೀಮೆಯವರಾದ ನಮಗೆ ಪ್ರಜಾಪ್ರತಿನಿಧಿ ಎಂಬ ಮಾತು ಹೊಸದಲ್ಲ. 1881ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಮೊದಲ ಅಧಿವೇಶನಕ್ಕೆ ಕರೆಯಲ್ಪಟ್ಟ 144 ಮಂದಿಯೂ ಜಮೀನುದಾರರು, ವರ್ತಕರು ಮುಂತಾದ ಪ್ರತಿಷ್ಠಿತರೇ. ಸ್ತ್ರೀಯರಿಗೆ ಅಲ್ಲಿ ಎಡೆಯಿರಲಿಲ್ಲ. 1923ರ ಕಾನೂನು ಸ್ತ್ರೀಯರಿಗಿದ್ದ ಅಡ್ಡಿಯನ್ನು ತೆಗೆದುಹಾಕಿತು. ಮುಸಲ್ಮಾನರು, ಭಾರತೀಯ ಕ್ರೈಸ್ತರು, ದಲಿತ ವರ್ಗದವರು ಮೊದಲಾದ ಅಲ್ಪಸಂಖ್ಯಾತರ ಪ್ರಾತಿನಿಧ್ಯಕ್ಕೂ ಅವಕಾಶ ಕಲ್ಪಿಸಿತು. ಸಂಖ್ಯೆಯೊಂದನ್ನೇ ನೆಚ್ಚಿದರೆ ಕೆಲವರು ಎಂದಿಗೂ ಒಳಗೆ ಬರಲಾರರೆಂಬುದನ್ನು ಮೈಸೂರಿನವರು ಅಷ್ಟು ಹಿಂದೆಯೇ ಒಪ್ಪಿದ್ದರು.

ಬ್ರಿಟಿಷರ ಆಡಳಿತವಿದ್ದ ಪ್ರಾಂತಗಳಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. 1909ರ ಮಾರ್ಲೆ–ಮಿಂಟೋ ಸುಧಾರಣೆಗಳು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟವು. ಅಂದರೆ ಮುಸಲ್ಮಾನ ಅಭ್ಯರ್ಥಿಗೆ ಮುಸಲ್ಮಾನರು ಮಾತ್ರ ಮತ ಹಾಕುವುದು. 1919ರ ಕಾನೂನು ಮದರಾಸು ಪ್ರಾಂತದಲ್ಲಿ ಭಾರತೀಯ ಕ್ರೈಸ್ತರಿಗೂ ಇದೇ ಏರ್ಪಾಡನ್ನು ಮಾಡಿತು. ನಮ್ಮ ಹೋಬಳಿಯ ಸರಹದ್ದಿನ ಕಾವೇರಿಯನ್ನು ದಾಟಿದರೆ ಸಿಗುವ ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸಿಗೆ ಸೇರಿತ್ತು. ಹೀಗಾಗಿ ಹೊಳೆಯ ಆಚೆದಡದ ಕ್ರೈಸ್ತ ಮತದಾರನಿಗೆ ಒಂದು ನ್ಯಾಯ, ಈಚೆದಡದವನಿಗೆ ಇನ್ನೊಂದು ನ್ಯಾಯ ಎಂಬಂತಾಗಿತ್ತು.

ಪ್ರತ್ಯೇಕ ಮತಕ್ಷೇತ್ರವು ಮೇಲುನೋಟಕ್ಕೆ ದೊಡ್ಡ ರಕ್ಷಣೆಯಂತೆ ಕಾಣುವುದು. ಆದರೆ ಅದರಲ್ಲಿ ಅಲ್ಪಸಂಖ್ಯಾತನಾದ ಅಭ್ಯರ್ಥಿಯು ನೆರೆಯವನ ಬಾಗಿಲಿಗೆ ಹೋಗಬೇಕಾಗಿಲ್ಲ; ನೆರೆಯವನೂ ಅಲ್ಪಸಂಖ್ಯಾತನ ಬಾಗಿಲಿಗೆ ಬರಬೇಕಾಗಿಲ್ಲ. ಈ ದೋಷವನ್ನು ಮೊದಲೇ ಕಂಡವರಲ್ಲಿ ಕೆ.ಟಿ. ಪಾಲ್ ಅವರು ಒಬ್ಬರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಕ್ರೈಸ್ತರ ಪರವಾಗಿ ಕುಳಿತಿದ್ದ ಅವರು ತಮ್ಮವರಿಗಾಗಿ ಪ್ರತ್ಯೇಕ ಮತಕ್ಷೇತ್ರಗಳನ್ನು ಬಯಸಲಿಲ್ಲ. 1932ರಲ್ಲಿ ಗಾಂಧೀಜಿಯವರಿಗೂ ಡಾ. ಅಂಬೇಡ್ಕರರಿಗೂ ಆದ ಪೂನಾ ಒಪ್ಪಂದವು ದಲಿತ ವರ್ಗದವರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನಗಳನ್ನು ಕಾದಿರಿಸಿತು; ಚುನಾವಣೆಯನ್ನು ಮಾತ್ರ ಎಲ್ಲರೂ ಕೂಡಿ ಮತ ಹಾಕುವ ಕ್ಷೇತ್ರಗಳಲ್ಲಿಯೇ ನಡೆಯಿಸಬೇಕೆಂದು ಗೊತ್ತುಮಾಡಿತು. ಸ್ಥಾನವು ಕಾದಿರಿಸಿದ್ದು, ಮತವು ಎಲ್ಲರದು. ಒಂಬತ್ತನೆಯ ತರಗತಿಯಲ್ಲಿ ನಾವು ಮಾಡಿದ್ದೂ ಇದನ್ನೇ, ಹೊಸದೇನನ್ನೂ ಕಂಡುಹಿಡಿಯಲಿಲ್ಲ.

ಸಂವಿಧಾನ ಸಭೆಯು 1947ರಲ್ಲಿ ಮೊದಲು ಒಪ್ಪಿದ್ದೂ ಈ ಮಾರ್ಗವನ್ನೇ. ಆದರೆ 1949ರ ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯು ಧರ್ಮವನ್ನು ಆಧರಿಸಿದ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ತೀರ್ಮಾನಿಸಿತು. ಆ ನಿರ್ಣಯವನ್ನು ಮುಂದಿಟ್ಟವರು ಸ್ವತಃ ಅಲ್ಪಸಂಖ್ಯಾತರಾಗಿದ್ದ ಬಂಗಾಳದ ಕ್ರೈಸ್ತರು, ಅಧ್ಯಾಪಕರು, ಸಂವಿಧಾನ ಸಭೆಯ ಉಪಾಧ್ಯಕ್ಷರು, ಡಾ. ಹರೇಂದ್ರಕುಮಾರ ಮುಖರ್ಜಿಯವರು. ಮಂಗಳೂರಿನಲ್ಲಿ ಹುಟ್ಟಿದ ಜೆರೋಮ್ ಡಿಸೋಜ ಪಾದ್ರಿಗಳು ಅದನ್ನು ಬೆಂಬಲಿಸಿದರು. ಆ ಸಭೆಯ ಏಕಮಾತ್ರ ಮುಸಲ್ಮಾನ ಮಹಿಳೆಯಾದ ಬೇಗಂ ಐಜಾಜ್ ರಸೂಲರೂ ಮೀಸಲನ್ನು ಒಲ್ಲೆನೆಂದರು. ಮದರಾಸಿನ ಮಹಮ್ಮದ್ ಇಸ್ಮಾಯಿಲ್ ಸಾಹೇಬರಂತಹವರು ಪ್ರತ್ಯೇಕ ಮತಕ್ಷೇತ್ರಗಳು ಉಳಿಯಲೇಬೇಕೆಂದು ವಾದಿಸಿದ್ದೂ ಉಂಟು. ಅವರ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಕಡೆಗೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮಾತ್ರ ಸ್ಥಾನಗಳು ಮೀಸಲಾದವು. ಮೊದಲು ಹತ್ತು ವರ್ಷಗಳಿಗೆಂದು ಇಟ್ಟ ಆ ಅವಧಿಯು ಮತ್ತೆ ಮತ್ತೆ ಮುಂದುವರಿದು 2030ರವರೆಗೆ ಬಂದಿದೆ. ಆಂಗ್ಲೋ–ಇಂಡಿಯನ್ನರ ನಾಮಕರಣವು 2020ರ ಜನವರಿಯಲ್ಲಿ ನಿಂತುಹೋಯಿತು.

ಹಾಗಾದರೆ ಧಾರ್ಮಿಕ ಅಲ್ಪಸಂಖ್ಯಾತರಿಗೆ ಉಳಿದದ್ದೇನು? ಸಂವಿಧಾನದ 29 ಮತ್ತು 30ನೆಯ ಅನುಚ್ಛೇದಗಳು ಉಳಿದವು. ಅಲ್ಪಸಂಖ್ಯಾತರು ತಮಗೆ ಮೆಚ್ಚಿದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯದು ಕೊಡುತ್ತದೆ. ಈ ಸಂಚಿಕೆಯನ್ನು ಹೊರಡಿಸುತ್ತಿರುವ ನಮ್ಮ ಶಾಲೆಯು ಆ ಹಕ್ಕಿನ ನೆರಳಿನಲ್ಲಿಯೇ ನಿಂತಿದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ನಮ್ಮ ಹಿರಿಯರು ಸಭೆಯಲ್ಲಿನ ಸ್ಥಾನವನ್ನು ಬಿಟ್ಟುಕೊಟ್ಟರು, ಶಾಲೆಯನ್ನು ಉಳಿಸಿಕೊಂಡರು. ಹೀಗಿರಲು, ಆ ಸ್ಥಾನವು ಮಾಡಬೇಕಾಗಿದ್ದ ಕೆಲಸದ ಭಾರವೂ ಶಾಲೆಯ ಮೇಲೆಯೇ ಬಿದ್ದಿತು ಎಂಬುದು ನನ್ನ ಅಭಿಪ್ರಾಯ.

ಆ ಭಾರವನ್ನು ನಾವು ಹೊತ್ತಿದ್ದೇವೆಯೇ? ಅಂಕಿಗಳು ಸಮಾಧಾನಕರವಾಗಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸಲ್ಮಾನರು ನೂರಕ್ಕೆ 12.92, ಕ್ರೈಸ್ತರು ನೂರಕ್ಕೆ 1.87. 2023ರ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಮುಸಲ್ಮಾನರು ಗೆದ್ದವು 9. ಜನಸಂಖ್ಯೆಯ ಅನುಸಾರವಾಗಿ ನೋಡಿದರೆ 28ಕ್ಕೆ ಕಡಿಮೆಯಿರಬಾರದಾಗಿತ್ತು. ಸ್ತ್ರೀಯರಂತೂ ಅಲ್ಪಸಂಖ್ಯಾತರಲ್ಲ, ಜನರಲ್ಲಿ ಸುಮಾರು ಅರ್ಧದಷ್ಟಿದ್ದಾರೆ. ಆದರೂ ಆ ಚುನಾವಣೆಯಲ್ಲಿ ಗೆದ್ದ ಸ್ತ್ರೀಯರು ಹತ್ತೇ ಮಂದಿ. ಸ್ತ್ರೀಯರಿಗೆ ಮೂರನೆಯ ಒಂದು ಭಾಗವನ್ನು ಮೀಸಲಿಡುವ 106ನೆಯ ತಿದ್ದುಪಡಿಯು ಅದೇ 2023ರಲ್ಲಿ ಅಂಗೀಕೃತವಾಯಿತಾದರೂ, ಅದರ ಜಾರಿಯನ್ನು ಮುಂದಿನ ಜನಗಣತಿಗೂ ಕ್ಷೇತ್ರಗಳ ಮರುವಿಂಗಡಣೆಗೂ ಗಂಟುಹಾಕಿದರು. 1949ರಲ್ಲಿ ಸ್ಥಾನ ಬಿಟ್ಟುಕೊಟ್ಟವರು ಬಹುಸಂಖ್ಯಾತರ ಔದಾರ್ಯವನ್ನು ನಂಬಿದ್ದರು. ಆ ನಂಬಿಕೆಯ ಸಾಲವು ಇನ್ನೂ ಪೂರ್ತಿಯಾಗಿ ತೀರಿಲ್ಲವೆಂದು ಹೇಳಿದರೆ ಯಾರೂ ತಪ್ಪೆಣಿಸಬಾರದು.

ಇದನ್ನು ಕಂಡು, ಪ್ರತ್ಯೇಕ ಮತಕ್ಷೇತ್ರವೇ ಮೇಲಾಗಿತ್ತೆನ್ನುವವರನ್ನೂ ನಾನು ಕೇಳಿದ್ದೇನೆ. ಅವರ ನೋವನ್ನು ಬಲ್ಲೆನಾದರೂ ಅವರ ಮದ್ದನ್ನು ಒಪ್ಪಲಾರೆನು. ದೊಡ್ಡಿಯ ಮೂವರು ತಮ್ಮೊಳಗೇ ಒಬ್ಬಳನ್ನು ಆರಿಸಿಕೊಂಡಿದ್ದರೆ ಆನೆಯ ಸಂಗತಿಯನ್ನು ಅವಳು ಹೇಳಬಹುದಾಗಿತ್ತು, ನಿಜ. ಆದರೆ ಮೂವತ್ತು ಜನರು ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಅವಳನ್ನು ಆರಿಸಿದವರಲ್ಲಿ ತಾವೂ ಒಬ್ಬರಾದ್ದರಿಂದಲೇ ಅವರು ಕಿವಿಗೊಟ್ಟರು.

ಇಂತಹ ಏರ್ಪಾಡು ನಮ್ಮ ಕಣ್ಣೆದುರಿಗೇ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಅದರಲ್ಲಿ ನಮ್ಮ ತಾಲ್ಲೂಕಿಗೂ ಒಂದು ಪಾಲುಂಟು. 1983ರಲ್ಲಿ ಕನಕಪುರದ ಮತದಾರರು ಉಪಚುನಾವಣೆಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರನ್ನು ವಿಧಾನಸಭೆಗೆ ಕಳುಹಿಸಿದರು. ಅವರ ಸರ್ಕಾರವೇ ಆ ವರ್ಷ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನನ್ನು ರಚಿಸಿತು. ಅದನ್ನು ಮುಂದೆ ನಿಂತು ನಡೆಯಿಸಿದ ಮಂತ್ರಿಗಳು ಅಬ್ದುಲ್ ನಜೀರ್ ಸಾಹೇಬರು. ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎಂದು ಹೆಸರಾದವರು. ಅಲ್ಪಸಂಖ್ಯಾತ ಸಮುದಾಯದಿಂದ ಬಂದ ಒಬ್ಬರು ಎಲ್ಲರ ಊರಿಗೂ ನೀರನ್ನೂ ಅಧಿಕಾರವನ್ನೂ ಮುಟ್ಟಿಸಿದರೆಂಬುದನ್ನು ನಮ್ಮ ಮಕ್ಕಳು ಮರೆಯಬಾರದು. ಆ ಕಾನೂನಿನ ಮೇರೆಗೆ 1987ರಲ್ಲಿ ಚುನಾವಣೆ ನಡೆದಾಗ ನಾಲ್ಕನೆಯ ಒಂದು ಭಾಗ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಅದನ್ನು ದೇಶಕ್ಕೆಲ್ಲಾ ಮೂರನೆಯ ಒಂದು ಭಾಗವನ್ನಾಗಿ ಮಾಡಿತು. 2010ರಲ್ಲಿ ಕರ್ನಾಟಕವು ಅರ್ಧಕ್ಕೆ ಏರಿಸಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೂ ಅಲ್ಲಿ ಸ್ಥಾನಗಳುಂಟು; ಅವು ಸರದಿಯಿಂದ ಊರೂರು ಸುತ್ತುವವು.

ಬಾಗಿಲು ಹೀಗೆ ತೆರೆದಿದೆ. ಒಳಗೆ ಹೋಗುತ್ತಿರುವವರು ಯಾರು? ಕೆಲವು ತಿಂಗಳ ಹಿಂದೆ ಒಬ್ಬ ಹಳೆಯ ವಿದ್ಯಾರ್ಥಿನಿಯು ಮಗಳನ್ನು ಸೇರಿಸಲು ಗಂಡನೊಡನೆ ಬಂದಿದ್ದಳು. ಆತನು ಕುರ್ಚಿಯಲ್ಲಿ ಕುಳಿತವನೇ "ನಾನು ಪಂಚಾಯ್ತಿ ಮೆಂಬರು" ಎಂದನು. ಮೆಂಬರು ಅವಳು, ಸ್ತ್ರೀಯರ ಸ್ಥಾನದಲ್ಲಿ ಗೆದ್ದವಳು. ಸಭೆಗೆ ಹೋಗುವಿಯೇನಮ್ಮ ಎಂದು ಕೇಳಿದ್ದಕ್ಕೆ, "ಪುಸ್ತಕ ಮನೆಗೇ ಬರ್ತದೆ ಮಿಸ್, ಸೈನ್ ಹಾಕ್ತೀನಿ" ಎಂದಳು. ಪ್ರವೇಶಪತ್ರದ ಮೇಲೆ ಅವಳು ಹಾಕಿದ ಸಹಿಯನ್ನು ನೋಡಿದೆನು. ಮುತ್ತು ಪೋಣಿಸಿದಂತಹ ಅಕ್ಷರ, ನಾನೇ ತಿದ್ದಿಸಿದ್ದು. ಸಹಿ ಹಾಕುವುದನ್ನು ಅವಳಿಗೆ ನಾವು ಕಲಿಸಿದ್ದೆವು. ಓದದೆ ಸಹಿ ಹಾಕಬಾರದೆಂಬುದನ್ನೂ, ಸಭೆಯಲ್ಲಿ ಎದ್ದು "ನಾನು ಒಪ್ಪುವುದಿಲ್ಲ" ಎನ್ನುವುದನ್ನೂ ಕಲಿಸಿರಲಿಲ್ಲ. ತಗ್ಗಿದ ದನಿಯೇ ಹೆಣ್ಣುಮಕ್ಕಳಿಗೆ ಭೂಷಣವೆಂದು ಎಷ್ಟು ಬಹುಮಾನಗಳನ್ನು ನಾವು ಹಂಚಿಲ್ಲ! ಆ ಗಂಡನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಚುನಾವಣೆಯೇ ನಡೆಯದೆ ಹೋದರೆ ಈ ಬಾಗಿಲೂ ಮುಚ್ಚುವುದು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯಾಗದೆ, ಅಧಿಕಾರಿಗಳೇ ಆಡಳಿತ ನಡೆಸಿದರು. ದೊಡ್ಡವರಿಗೆ ಅಧಿಕಾರಿಯ ಕೊಠಡಿಗೆ ಹೋಗಲು ಬೇರೆ ದಾರಿಗಳುಂಟು. ಇರುಳಿಗರ ಹೆಂಗಸಿಗೆ ಇದ್ದದ್ದು ಆ ಒಂದು ಕುರ್ಚಿ.

ನಮ್ಮ ಸಮುದಾಯದವರಿಗೂ ಒಂದು ಮಾತು ಹೇಳಬೇಕಾಗಿದೆ. ರಾಜ್ಯದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ, ನಿಜ. ಆದರೆ ನಮ್ಮ ತಾಲ್ಲೂಕಿನ ಹಾರೋಬೆಲೆಯಂತಹ ಊರಿನಲ್ಲಿ ಕ್ರೈಸ್ತರೇ ಹೆಚ್ಚು. ಬೇಲಿಯನ್ನು ಎಲ್ಲಿ ಹಾಕುತ್ತೇವೆಯೋ ಅದರ ಮೇಲೆ ಒಬ್ಬನೇ ಮನುಷ್ಯನು ಅಲ್ಪಸಂಖ್ಯಾತನೂ ಆಗುವನು, ಬಹುಸಂಖ್ಯಾತನೂ ಆಗುವನು. ಆದಕಾರಣ, ನಾವು ಕಡಿಮೆಯಿರುವ ಕಡೆ ಯಾವ ನ್ಯಾಯವನ್ನು ಬೇಡುತ್ತೇವೆಯೋ, ನಾವು ಹೆಚ್ಚಿರುವ ಕಡೆ ಅದೇ ನ್ಯಾಯವನ್ನು ಕೊಡತಕ್ಕದ್ದು. ಗ್ರಾಮಸಭೆಗೆ ಹೋಗಿ ಸಮಾಧಿಯ ಸ್ಥಳ, ಶಾಲೆಯ ರಸ್ತೆ ಎಂದು ನಮ್ಮದನ್ನೇ ಕೇಳಿ ಎದ್ದುಬರುವುದು ಸಾಲದು. 2006ರ ಅರಣ್ಯ ಹಕ್ಕು ಕಾಯಿದೆಯ ಕೆಳಗೆ ಇರುಳಿಗರು ಕೊಟ್ಟ ಅರ್ಜಿ ಏನಾಯಿತು ಎಂದು ನಾವೇ ಎದ್ದು ಕೇಳಿದ ದಿನ, ನಾವು ಸ್ಥಾನವಿಲ್ಲದೆಯೂ ಪ್ರತಿನಿಧಿಗಳಾಗುವೆವು.

ಕೊನೆಯದಾಗಿ ಮೂರು ವಿನಂತಿಗಳು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಊರಿನ ಸ್ಥಾನವು ಸ್ತ್ರೀಯರ ಸರದಿಗೆ ಬಂದಾಗ ಹಿಂಜರಿಯಬೇಡಿರಿ. ಸರದಿ ಕಳೆದ ಮೇಲೆಯೂ ಸಾಮಾನ್ಯ ಸ್ಥಾನಕ್ಕೆ ನಿಲ್ಲಬಾರದೆಂಬ ಕಾನೂನೇನೂ ಇಲ್ಲ. ಸಭೆಯ ಪುಸ್ತಕವು ಮನೆಗೆ ಬಂದರೆ ಹಿಂದಕ್ಕೆ ಕಳುಹಿಸಿ ನೀವೇ ಸಭೆಗೆ ಹೋಗಿರಿ. ತಂದೆತಾಯಿಗಳೇ, ವಾರ್ಡ್ ಸಭೆಗೂ ಗ್ರಾಮಸಭೆಗೂ ಹೋಗುವಾಗ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿರಿ; ಮಕ್ಕಳ ಗ್ರಾಮಸಭೆ ಎಂಬುದೂ ನಮ್ಮ ರಾಜ್ಯದಲ್ಲಿ ಉಂಟು, ಅಲ್ಲಿ ಅವರು ಮಾತನಾಡಿದರೆ ಗದರಿಸಬೇಡಿರಿ. ಮೂರನೆಯ ವಿನಂತಿ ನನಗೆ ನಾನೇ ಮಾಡಿಕೊಳ್ಳತಕ್ಕದ್ದು. ಈ ವರ್ಷದಿಂದ ಬಹುಮಾನಗಳ ಪಟ್ಟಿಯಲ್ಲಿ ಸುಂದರವಾದ ಕೈಬರಹಕ್ಕೆ ಒಂದಿದ್ದರೆ, ಸಭೆಯಲ್ಲಿ ಎಲ್ಲರಿಗಿಂತ ಬೇರೆಯಾದ ಮಾತನ್ನು ಮರ್ಯಾದೆಯಿಂದ ಹೇಳಿದವಳಿಗೂ ಒಂದಿರುವುದು.

ಬಾಗಿಲಲ್ಲಿ ನಿಂತು ಕೇಳಿದ ಆ ಹುಡುಗಿಯ ಲೆಕ್ಕಕ್ಕೆ ಅಂದು ನಾನು ಉತ್ತರ ಕೊಡಲಿಲ್ಲ. ಮೂವರು ಮೂವತ್ತು ಜನರನ್ನು ಎಣಿಕೆಯಿಂದ ಎಂದಿಗೂ ಗೆಲ್ಲಲಾರರು, ಮಗೂ. ಮೂವತ್ತು ಜನರೂ ಮೂವರನ್ನು ತಮ್ಮವರೆಂದು ಎಣಿಸುವಂತೆ ಮಾಡುವುದೇ ಗೆಲವು. ಅದನ್ನು ಕಲಿಸುವುದಕ್ಕಾಗಿಯೇ ನಮ್ಮ ಹಿರಿಯರು ಈ ಶಾಲೆಯನ್ನು ಉಳಿಸಿಕೊಂಡರೆಂದು ನಾನು ನಂಬಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಉಯ್ಯಂಬಳ್ಳಿ